ಜ್ವಾಕಿ ಇಟ್ಟೇನಿ, ಎಲ್ಲಿ ಅಂತ ಕೇಳಬ್ಯಾಡ್ರಿ

ನಮ್ಮ ಮನೆಯಲ್ಲಿ ಈ ತನಕ ಕಳೆದುಹೋದ ಸಾಮಾನುಗಳ ಯಾದಿ ಮಾಡಿದರೆ ಮುಕ್ಕಾಲು ಪಾಲು ‘ಜ್ವಾಕಿ’ ಇಟ್ಟಂಥವೇ. ಎಲ್ಲೆಂದರಲ್ಲಿ ಒಗೆದದ್ದು ಯಾವತ್ತೂ ಕಳೆದಿಲ್ಲ. ಹಿತ್ತಲ ಬಾಗಿಲ ಸಂದಿಯ ಕುಡುಗೋಲು ನಾನು ಹುಟ್ಟಿದಾಗಿನಿಂದ ಅಲ್ಲೇ ಇದೆ. ತಳ ಹರಿದ ಬುಟ್ಟಿ, ಕಾಲು ಮುರಿದ ಮಣೆ, ಯಾರ ಕಾಲಿಗೂ ಹೊಂದದ ಒಂಟಿ ಚಪ್ಪಲಿ, ಇವನ್ನು ಕಳ್ಳನ ಕೈಗೆ ಕೊಟ್ಟು ಕಳಿಸಿದರೂ ಬೆಳಗಾಗುವುದರೊಳಗೆ ತಿರುಗಿ ತಂದಿಟ್ಟು ಹೋದಾನು. ಆದರೆ ಹೊಲದ ಉತಾರ, ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಅಕ್ಕನ ಮದುವೆಯ ಬೆಳ್ಳಿ ಕುಂಕುಮ ಭರಣಿ, ಕಾಕಾನ ಸೈಕಲ್ಲಿನ ಎರಡನೇ ಕೀಲಿಕೈ, ಇವು ಬೇಕಾದ ದಿನ ಸಿಕ್ಕ ದಾಖಲೆಯೇ ಇಲ್ಲ. ಯಾಕೆಂದರೆ ಅವನ್ನೆಲ್ಲ ನಮ್ಮ ಆಯಿ, ಅಂದರೆ ಅಜ್ಜಿ, ಜ್ವಾಕಿ ಇಟ್ಟಿದ್ದಳು.

“ಆಯಿ, ಉತಾರ ಎಲ್ಲೈತಿ?”

“ಜ್ವಾಕಿ ಇಟ್ಟೇನಿ ತಮ್ಮಾ.”

“ಅದಽ, ಎಲ್ಲಿ?”

“ಅಯ್ಯ, ಜ್ವಾಕಿ ಇಟ್ಟೇನಿ ಅಂತ ಹೇಳಿದ್ನೆಲ್ಲಾ!”

ಅಲ್ಲಿಗೆ ಮಾತು ಮುಗಿಯಿತು. ಆಕೆಯ ಲೆಕ್ಕದಲ್ಲಿ ಜ್ವಾಕಿ ಅನ್ನುವುದೇ ಒಂದು ಜಾಗ. ಹೊಂಬಳದ ನಮ್ಮ ಹಳೇ ಮಾಳಿಗೆ ಮನೆಯಲ್ಲಿ ಅಂಥ ಜಾಗಗಳಿಗೆ ಬರವಿರಲಿಲ್ಲ. ಎರಡು ಮೊಳ ದಪ್ಪದ ಮಣ್ಣಿನ ಗೋಡೆಯ ತುಂಬ ಮಾಡಗಳು. ಮೇಲೆ ಜಂತಿಗಳು, ಜಂತಿಯ ಸಂದಿನಲ್ಲಿ ಸೂಜಿ, ದಬ್ಬಣ, ಬಿತ್ತುವ ಜೋಳದ ತೆನೆ, ಯಾರದೋ ಜಾತಕ. ಅಡಿಗೆಮನೆಯಲ್ಲಿ ಬೆಕ್ಕಿಗೆ ಎಟುಕದ ಎತ್ತರಕ್ಕೆ ತೂಗುವ ನೆಲವು, ಅದರಲ್ಲಿ ಬೆಣ್ಣೆಯ ಗಡಿಗೆ. ಮೂಲೆಯಲ್ಲಿ ಒಂದರ ಮೇಲೊಂದು ಏರಿಸಿದ ಅಡಕಲ ಗಡಿಗೆಗಳು. ಎಲ್ಲಕ್ಕಿಂತ ಕೆಳಗಿನ ಗಡಿಗೆಯಲ್ಲಿ ಹೆಸರು, ಹೆಸರಿನ ತಳದಲ್ಲಿ ಒಂದು ಅರಿವೆಯ ಗಂಟು. ಆ ಗಂಟು ಬೇಕೆಂದರೆ ಏಳು ಗಡಿಗೆ ಇಳಿಸಬೇಕು. ಕಳ್ಳನಿಗೆ ಅಷ್ಟು ತಾಳ್ಮೆ ಇರುವುದಿಲ್ಲ ಎಂಬುದು ಆಯಿಯ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಮನೆಯವರಿಗೂ ಅಷ್ಟು ತಾಳ್ಮೆ ಇರಲಿಲ್ಲ ಅನ್ನುವುದೊಂದೇ ಕೊರತೆ.

ಈಗ ಕೂತು ಯೋಚಿಸಿದರೆ ‘ಇಡು’ ಅನ್ನುವ ಎರಡಕ್ಷರದ ಮಾತಿಗೆ ಆಕೆ ಎಷ್ಟು ತಲೆ ಕಟ್ಟುತ್ತಿದ್ದಳು ಎಂದು ಸೋಜಿಗವಾಗುತ್ತದೆ. ‘ಎತ್ತಿಡು’ ಅಂದರೆ ಊಟ ಮುಗಿಯಿತು, ಬೆಕ್ಕು ಬರುವ ಹೊತ್ತಾಯಿತು. ‘ತೆಗೆದಿಡು’ ಅಂದರೆ ಇನ್ನೂ ಬರದವರೊಬ್ಬರಿದ್ದಾರೆ, ಇದು ಅವರ ಪಾಲು. ‘ಮುಚ್ಚಿಡು’ ಅಂದರೆ ನೊಣ. ‘ಬಚ್ಚಿಡು’ ಅಂದರೆ ಮೊಮ್ಮಕ್ಕಳು. ‘ಕಟ್ಟಿಡು’ ಅಂದರೆ ನಾಳೆ ಹೊಲಕ್ಕೆ ಬುತ್ತಿ. ‘ಕೂಡಿಡು’ ಅಂದರೆ ರೊಕ್ಕ. ‘ಮೀಸಲಿಡು’ ಅಂದರೆ ದೇವರು. ಹಾಲು, ಬೆಣ್ಣೆ, ಹೊಸ ಕಾಳು, ಯಾರೂ ಮುಟ್ಟದ, ಯಾರೂ ನೆಕ್ಕದ ಮೊದಲ ಭಾಗ ಮೀಸಲು. ಒಮ್ಮೆ ರೇಡಿಯೋದ ವಾರ್ತೆಯಲ್ಲಿ ‘ಮೀಸಲು ಪೊಲೀಸ್ ಪಡೆ’ ಅಂದದ್ದನ್ನು ಕೇಳಿ, “ಪೊಲೀಸರನ್ನ ಯಾವ ದೇವರಿಗೆ ಮೀಸಲ ಬಿಟ್ಟಾರೋ?” ಎಂದು ಅಪ್ಪನನ್ನು ಕೇಳಿದ್ದಳು. ಅಪ್ಪ ಉತ್ತರ ಕೊಡಲಿಲ್ಲ. ಇವತ್ತಿಗೂ ನನಗೆ ಅದಕ್ಕೆ ಉತ್ತರ ಹೊಳೆದಿಲ್ಲ.

ಜ್ವಾಕಿ ಪುಸ್ತಕದ ಕನ್ನಡಕ್ಕೆ ಏರಿದರೆ ಜೋಕೆ ಆಗುತ್ತದೆ. ಆದ ಕೂಡಲೇ ಅದರ ಮೋರೆ ಬಿಗಿಯುತ್ತದೆ. ‘ಜೋಕೆ!’ ಎಂದು ಬರೆದ ಕಡೆಯೆಲ್ಲ ಮಗ್ಗುಲಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ, ಲಾಠಿ ಹಿಡಿದ ಪೊಲೀಸನ ಹಾಗೆ, ನೆಟ್ಟಗೆ ನಿಂತಿರುತ್ತದೆ. ನಮ್ಮ ಜ್ವಾಕಿಗೆ ಲಾಠಿ ಬೇಕಿಲ್ಲ. ಗದಗಿನ ಬಸ್ಸು ಹೊರಡುವಾಗ ಕಿಡಕಿಯ ಹೊರಗೆ ನಿಂತು “ಜ್ವಾಕಿಲೆ ಹೋಗಿ ಬಾ” ಅನ್ನುವ ದನಿ, ತುಂಬಿದ ಬಸುರಿಗೆ “ಜ್ವಾಕಿ ನಮ್ಮವ್ವ” ಅನ್ನುವ ದನಿ, ಮೊಸರಿನ ಗಡಿಗೆ ದಾಟಿಸುವಾಗ “ಜ್ವಾಕಿ, ಜ್ವಾಕಿ” ಅನ್ನುವ ದನಿ ಮೂರೂ ಒಂದೇ. ಅದರಲ್ಲಿ ಹೆದರಿಕೆಗಿಂತ ಅಕ್ಕರೆ ಹೆಚ್ಚು. ಜಗಳದಲ್ಲಿ ಮಾತ್ರ ಅದೇ ಮಾತು ಅಂಗಿಯ ತೋಳು ಏರಿಸುತ್ತದೆ: “ಜ್ವಾಕಿ ಮಗನ!” ಅದು ಬೇರೆ ಸಂಗತಿ.

ಜತನದ ಸ್ವಭಾವ ಇನ್ನೂ ಚಂದ. ಯಾತ್ರೆ ಜಾತ್ರೆಯಾದ ಹಾಗೆ, ಯೋಗಿ ಜೋಗಿಯಾದ ಹಾಗೆ, ಯತ್ನವೇ ಜತನವಾಗಿ ಬಂದದ್ದು. ಅಂದರೆ ಕಾಪಾಡುವುದು ಎಂದರೆ ಪ್ರಯತ್ನ ಎಂಬುದನ್ನು ಮಾತೇ ಒಪ್ಪಿಕೊಂಡಿದೆ. ಒಂದು ಸಲ ಇಟ್ಟು ಕೀಲಿ ಹಾಕಿ ಮರೆತರೆ ಅದು ಜತನವಲ್ಲ. ದಿನವೂ ನೋಡಬೇಕು, ಒರೆಸಬೇಕು, ಬಿಸಿಲಿಗೆ ಹಾಕಬೇಕು. ಸೀರೆ, ಬೀಜ, ಉಪ್ಪಿನಕಾಯಿ, ಮುದಿ ಎತ್ತು ಇವು ಜತನದ ಲೆಕ್ಕಕ್ಕೆ. ಭದ್ರ ಬೇರೆ ಜಾತಿ. ಸಂಸ್ಕೃತದಲ್ಲಿ ಮಂಗಳ, ಒಳ್ಳೆಯದು ಎಂಬ ಅರ್ಥದಲ್ಲಿ ಹೊರಟ ಈ ಮಾತು ಬಂಗಾಳದಲ್ಲಿ ಇಳಿದು ಸಭ್ಯ ಗೃಹಸ್ಥನಾಯಿತು. ಅಲ್ಲಿ ಭದ್ರಲೋಕ ಅಂದರೆ ಓದು ಬರಹ ಬಲ್ಲ, ಮಡಿಕೆ ಹಾಕಿದ ಧೋತರದ ಮಂದಿ. ನಮ್ಮಲ್ಲಿಗೆ ಬಂದದ್ದು ಬಾಗಿಲಿನ ಅಗಳಿಯಾಗಿ ಕೂತಿತು. “ಭದ್ರ ಹಾಕೀಯೇನು?” ಅಂದರೆ ಹೊಂಬಳದಲ್ಲಿ ಯಾರೂ ಸಭ್ಯತೆಯ ಮಾತು ತೆಗೆಯುವುದಿಲ್ಲ, ಎದ್ದು ಹೋಗಿ ಚಿಲಕ ಜಗ್ಗಿ ನೋಡುತ್ತಾರೆ.

ಇನ್ನು ಠೇವಣಿ. ‘ಠೇವ’ ಅನ್ನುವ ಮರಾಠಿ ಮಾತಿನ ಕಡೆಯಿಂದ ಬಂದ ಮರ್ಯಾದಸ್ಥ ಶಬ್ದ, ಇಟ್ಟದ್ದು ಅಂತ ಅರ್ಥ. ಬ್ಯಾಂಕಿನ ಗೋಡೆಯ ಮೇಲೆ ಗಂಭೀರವಾಗಿ ಕುಳಿತಿರುತ್ತದೆ. ಆದರೆ ಪೇಪರಿನ ಮೊದಲ ಪುಟಕ್ಕೆ ಅದು ಬರುವುದು ಕಳೆದುಕೊಂಡಾಗ ಮಾತ್ರ, ಅದೂ ಚುನಾವಣೆ ಮುಗಿದ ಮರುದಿನ. ಸಿಂಧು ಮತಗಳಲ್ಲಿ ಆರನೇ ಒಂದು ಪಾಲು ಸಿಗದವನ ಠೇವಣಿ ಸರ್ಕಾರಕ್ಕೆ ಜಮಾ. ಕಳೆದುಕೊಂಡದ್ದನ್ನು ಊರಿಗೆಲ್ಲ ಸಾರಿ ಹೇಳುವ ಠೇವಣಿ ಇದೊಂದೇ ಇರಬೇಕು.

ನನ್ನ ಹೆಂಡತಿ ಹಾಸನದ ಕಡೆಯವಳು. ಮದುವೆಯಾಗಿ ಬಂದ ವಾರದಲ್ಲಿ ಒಂದು ಮಧ್ಯಾಹ್ನ ಎಲ್ಲರೂ ಜಾತ್ರೆಗೆ ಹೊರಟಾಗ ಪಡಸಾಲೆಗೆ ಬಂದು, “ಅತ್ತೆ, ಬೀಗ ಎಲ್ಲಿ?” ಎಂದು ಕೇಳಿದಳು. ಅವ್ವ ಗಡಬಡಿಸಿ ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿಲ ಕಡೆ ನೋಡಿ, “ಯಾವ ಬೀಗರು ಬಂದಾರವಾ? ಒಳಗ ಕರೀಬಾರದನ?” ಎಂದಳು. ಆಕೆಯ ಕಡೆ ಬಾಗಿಲಿಗೆ ಹಾಕುವುದು ಬೀಗ, ತೆಗೆಯುವುದು ಬೀಗದ ಕೈ. ನಮ್ಮ ಕಡೆ ಹಾಕುವುದು ಕೀಲಿ, ತೆಗೆಯುವುದು ಕೀಲಿಕೈ. ಬೀಗ ಅಂದರೆ ನಮಗೆ ಮಗಳನ್ನು ಕೊಟ್ಟವರೋ ತಂದವರೋ. ನಾನು “ಕೀಲಿ ತಾ” ಅಂದರೆ ಆಕೆ ಕೀಲಿಕೈ ತಂದು ಕೊಡುತ್ತಿದ್ದಳು. ಮೂರು ತಿಂಗಳು ನಮ್ಮ ಮನೆ ಅರ್ಧ ಹಾಕಿ ಅರ್ಧ ತೆಗೆದ ಸ್ಥಿತಿಯಲ್ಲೇ ನಡೆಯಿತು. ಎರಡು ಬೀಗಗಳನ್ನೂ ಬಲ್ಲವನಾಗಿ ಈಗ ಒಂದು ಮಾತು ಹೇಳಬಲ್ಲೆ: ಬಾಗಿಲಿನ ಬೀಗದ ಬಾಯಿ ತೆರೆಯಲು ಒಂದು ಕೈ ಸಾಕು, ಬೀಗರ ಬಾಯಿ ಮುಚ್ಚಲು ಕೈತುಂಬ ಬೇಕು.

ಅದಕ್ಕಿಂತ ದೊಡ್ಡ ಗೊಂದಲ ಮಾಡಿದ್ದು ಹುಷಾರು. ಎಚ್ಚರ, ಅರಿವು ಎಂಬ ಅರ್ಥದ ಪಾರಸಿ ಮಾತದು. ದಕ್ಷಿಣಕ್ಕೆ ಹೋಗಿ ಆರೋಗ್ಯವಾಯಿತು, ನಮ್ಮಲ್ಲಿ ಉಳಿದು ಜಾಣತನವಾಯಿತು. ಮಗಳು ಎಂಟು ತಿಂಗಳ ಕೂಸಾಗಿದ್ದಾಗ ಹೆಂಡತಿ ತವರಿನಿಂದ ಫೋನು ಮಾಡಿ, “ಅತ್ತೆ, ಮಗು ಹುಷಾರಿಲ್ಲ” ಎಂದಳು. ಅವ್ವನಿಗೆ ಸಿಟ್ಟು ಬಂತು. “ಹಾಂಗ ಅನಬಾರದವಾ ಎಳೀ ಕೂಸಿಗೆ. ಮುಂದ ಸಾಲಿಗೆ ಹೋದಮ್ಯಾಲ ಹುಷಾರ ಆಗ್ತೈತಿ. ಇವರಪ್ಪನೂ ಮೊದಲ ದಡ್ಡನ ಇದ್ದ” ಎಂದು ಸಮಾಧಾನ ಹೇಳಿ ಫೋನು ಇಟ್ಟಳು. ನಮ್ಮಲ್ಲಿ ಜಡ್ಡಿಗೆ ‘ಆರಾಮ ಇಲ್ಲ’ ಅನ್ನಬೇಕು. ಮಗಳ ಜ್ವರ ಎರಡು ದಿನದಲ್ಲಿ ಇಳಿಯಿತು. ನನ್ನ ಬಗೆಗೆ ಅವ್ವ ಕೊಟ್ಟ ಸರ್ಟಿಫಿಕೇಟು ಮಾತ್ರ ಹಾಸನದಲ್ಲಿ ಇನ್ನೂ ಚಾಲ್ತಿಯಲ್ಲಿದೆ.

ನಾನು ದಡ್ಡನಾಗಿದ್ದಕ್ಕೆ ಸಾಕ್ಷಿ ಇದ್ದೇ ಇತ್ತು. ಏಳೆಂಟು ವರ್ಷದವನಿದ್ದಾಗ ಒಂದು ಮುಂಜಾನೆ ಆಯಿ ಒಲೆಯ ಮೇಲೆ ಹಾಲು ಇಟ್ಟು, “ಹಾಲು ಕಾಯಾಕ ಇಟ್ಟೇನಿ, ಕಾಯ್ಕೋತ ಕುಂದ್ರು” ಎಂದು ಎಮ್ಮೆಗೆ ಹಿಂಡಿ ಹಾಕಲು ಹೋದಳು. ನಾನು ಕಾಯ್ದೆ. ಹಾಲೂ ಕಾಯಿತು. ಕೆನೆ ಮೇಲೆದ್ದು, ನಡುವೆ ಗುಬ್ಬಿ ಉಸಿರಾಡಿದ ಹಾಗೆ ಉಬ್ಬಿ, ಅಂಚಿಗೆ ಬಂದು ಒಂದು ಗಳಿಗೆ ನಿಂತು, ಆಮೇಲೆ ಸುರಿದು ಒಲೆಯೆಲ್ಲ ಸುಂಯ್ ಅಂದಿತು. ನಾನು ಕಣ್ಣು ಪಿಳುಕಿಸದೆ ನೋಡುತ್ತಲೇ ಇದ್ದೆ. ಆಯಿ ಓಡಿ ಬಂದು ಬೆನ್ನಿಗೊಂದು ಕೊಟ್ಟಳು. “ಕಾಯಿ ಅಂತ ಹೇಳಿದ್ದೆಲ್ಲೋ!” “ಕಾಯ್ದೆ” ಎಂದು ಅತ್ತೆ. ಕಾಯುವುದು ಎಂದರೆ ನೋಡುತ್ತ ಕೂರುವುದೋ, ಬಟ್ಟಲು ಇಳಿಸುವುದೋ ಎಂದು ನನಗೆ ಯಾರೂ ಹೇಳಿರಲಿಲ್ಲ. ನನ್ನಂಥ ಕಾವಲುಗಾರರು ಈಗ ದೊಡ್ಡ ದೊಡ್ಡ ಹುದ್ದೆಗಳಲ್ಲೂ ಇದ್ದಾರೆ ಎಂದು ಕೇಳಿ ಸ್ವಲ್ಪ ಸಮಾಧಾನವಾಗಿದೆ.

ಕನ್ನಡದ ಈ ಕಾಯು ಬಹಳ ಆಳದ ಮಾತು. ದನ ಕಾಯುತ್ತೇವೆ, ಬಸ್ಸಿಗೆ ಕಾಯುತ್ತೇವೆ, ನೀರು ಕಾಯುತ್ತದೆ. ಹೊಲ ಕಾಯುವವನು ಬೆಳೆ ಬರುವುದನ್ನೂ ಕಾಯುತ್ತಾನೆ, ನೆತ್ತಿಯೂ ಕಾಯುತ್ತದೆ. ಹಳಗನ್ನಡಕ್ಕೆ ಹೋದರೆ ಕಾದುವುದು ಅಂದರೆ ಹೋರಾಡುವುದು. ನಮ್ಮ ಭಾಗದಲ್ಲಿ ಹಳ್ಳಿಹಳ್ಳಿಗೂ ವೀರಗಲ್ಲುಗಳಿವೆ. ಶತ್ರುಗಳು ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನು ಕಲ್ಲಿನ ಕೆಳಪಟ್ಟಿಯಲ್ಲಿ ಬಿಲ್ಲು ಹಿಡಿದಿದ್ದಾನೆ, ನಡುಪಟ್ಟಿಯಲ್ಲಿ ಅಪ್ಸರೆಯರ ಕೈ ಹಿಡಿದಿದ್ದಾನೆ. ಅವನು ದನ ಕಾದು ಸತ್ತನೋ, ಶತ್ರುವಿನ ಕೂಡ ಕಾದಿ ಸತ್ತನೋ? ಎರಡೂ ಒಂದೇ. ಮಾತು ಅದನ್ನು ಬಿಡಿಸಿ ಹೇಳುವ ಗೊಡವೆಗೇ ಹೋಗಿಲ್ಲ.

‘ಕಾಯ್ದೆ’ ಎಂಬ ಅರಬ್ಬಿ ಮೂಲದ ಮಾತು ಬಂದು ಇದರ ಮಗ್ಗುಲಲ್ಲೇ ಕೂತಿದೆ. ಕಾನೂನಿಗೆ ಕಾಯ್ದೆ, ನಾನು ರಕ್ಷಿಸಿದೆ ಎಂಬುದಕ್ಕೂ ಕಾಯ್ದೆ. ರಕ್ತಸಂಬಂಧವಿಲ್ಲದಿದ್ದರೂ ಒಂದೇ ಓಣಿಯಲ್ಲಿ ಬಾಳುವೆ ಮಾಡುತ್ತಿವೆ. ನಮ್ಮ ತಾಲೂಕಿನಲ್ಲಿ ಒಂದು ಕಾಯ್ದೆ ನಿಜವಾಗಿಯೂ ಕಾಯ್ದದ್ದುಂಟು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದಾಗ, ಮರುವರ್ಷವೇ, 1905ರಲ್ಲಿ, ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ತಮ್ಮ ಊರಲ್ಲಿ ಸಂಘ ಕಟ್ಟಿದರು. ಏಷ್ಯಾಖಂಡದಲ್ಲೇ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಹೆಸರಾದದ್ದು ಇದೇ. ಪತ್ತು ಅನ್ನುವ ಮಾತನ್ನು ನಾನು ಬಹಳ ಇಷ್ಟಪಡುತ್ತೇನೆ. ಸಾವಕಾರನ ಕಬ್ಬಿಣದ ತಿಜೋರಿಯಲ್ಲಿ ಇರುವುದು ರೊಕ್ಕ, ಊರ ಮಂದಿ ನಿನ್ನ ಮೇಲೆ ಇಟ್ಟಿರುವುದು ಪತ್ತು. ತಿಜೋರಿಯನ್ನು ಒಡೆದು ಒಯ್ಯಬಹುದು, ಪತ್ತನ್ನು ಒಡೆದರೆ ಒಯ್ಯಲು ಏನೂ ಇರುವುದಿಲ್ಲ. ಅಪ್ಪ ನಮ್ಮೂರ ಸೊಸೈಟಿಯಲ್ಲಿ ಮೊದಲ ಸಲ ಷೇರು ಹಣ ಕಟ್ಟಿದ ದಿನ ಆಯಿ ಎಲೆ ಅಡಿಕೆಯ ಸಂಚಿ ಎದೆಗೆ ಅವಚಿಕೊಂಡು, “ನಮ್ಮ ರೊಕ್ಕ ಮಂದಿ ಕೈಯಾಗ, ಮಂದಿ ರೊಕ್ಕ ಇನ್ಯಾರ ಕೈಯಾಗ?” ಎಂದಿದ್ದಳಂತೆ. ಸಹಕಾರ ತತ್ವವನ್ನು ಇಷ್ಟು ಅಡಕವಾಗಿ ಯಾವ ಅಧಿಕಾರಿಯೂ ಹೇಳಿದ್ದು ನಾನು ಕೇಳಿಲ್ಲ, ಆಕೆ ಹೇಳಿದ್ದು ವಿರೋಧಿಸಿಯೇ ಆದರೂ.

ಆಕೆ ನಂಬಿದ್ದು ನೆಲವನ್ನು. ನಮ್ಮ ಮನೆಯ ಮುಂದೆ, ಬೀದಿಗೇ ಹತ್ತಿದಂತೆ, ಒಂದು ಹಗೇವು ಇತ್ತು. ಈಗಿನ ಹುಡುಗರಿಗೆ ಹಗೇವು ಅಂದರೆ ಏನೆಂದು ಬಿಡಿಸಿ ಹೇಳಬೇಕು: ಗಟ್ಟಿ ಗರಸು ನೆಲದಲ್ಲಿ ತೋಡಿದ ಕಾಳಿನ ಗುಂಡಿ. ಬಾಯಿ ಒಬ್ಬ ಆಳು ಇಳಿಯುವಷ್ಟು ಸಣ್ಣದು, ಹೊಟ್ಟೆ ದೊಡ್ಡದು, ನೆಲದೊಳಗೆ ಹೂತ ದೊಡ್ಡ ಹರವಿಯ ಹಾಗೆ. ತೋಡಿದ ಮೇಲೆ ಒಳಗೆ ಬೆಂಕಿ ಹಾಕಿ ಪಸೆ ಆರಿಸುತ್ತಿದ್ದರು. ತಳಕ್ಕೂ ಸುತ್ತಲಿನ ಗೋಡೆಗೂ ಹೊಟ್ಟು, ಸೊಪ್ಪೆ ಒತ್ತಿ, ಬಿಸಿಲಿಗೆ ಚೆನ್ನಾಗಿ ಒಣಗಿದ ಜೋಳ ಸುರಿದು, ಮೇಲೆ ಮತ್ತೆ ಹೊಟ್ಟು ಹಾಸಿ, ಕಲ್ಲು ಮುಚ್ಚಿ, ಮಳೆನೀರು ನಿಲ್ಲದಂತೆ ಮಣ್ಣು ಏರಿಸಿ ಮೆತ್ತಿಬಿಟ್ಟರೆ ಮುಗಿಯಿತು. ಅದರ ಮೇಲೆ ಮಕ್ಕಳು ಗೋಲಿ ಆಡುತ್ತಿದ್ದರು, ಎತ್ತಿನ ಬಂಡಿ ಹಾದುಹೋಗುತ್ತಿತ್ತು, ನಾಯಿ ಮಲಗುತ್ತಿತ್ತು. ಬರಗಾಲ ಬಂದರೆ ತೆರೆಯುವುದು, ಇಲ್ಲದಿದ್ದರೆ ವರುಷಗಟ್ಟಲೆ ಹಾಗೇ.

ನಮ್ಮ ಹಗೇವು ಕಡೆಯ ಸಲ ತೆರೆದದ್ದು ನನಗೆ ನೆನಪಿದೆ. ಬೇಸಿಗೆಯ ಮುಂಜಾನೆ. ಮಣ್ಣು ಸರಿಸಿ ಕಲ್ಲು ಎತ್ತಿದ ಕೂಡಲೇ ಹುಳಿ ಬಂದ ಹಿಟ್ಟಿನಂಥ, ಸಾರಾಯಿಯಂಥ ಒಂದು ಬಿಸಿ ವಾಸನೆ ಬೀದಿಗೆಲ್ಲ ಹರಡಿತು. ಎಲ್ಲರೂ ಹಿಂದೆ ಸರಿದರು. ಯಾರೂ ಇಳಿಯುವಂತಿಲ್ಲ. ಬಾಯಿ ಒಂದು ದಿನ ಹಾಗೇ ತೆರೆದು ಬಿಟ್ಟು, ಮರುದಿನ ಕಂದೀಲಿಗೆ ಹಗ್ಗ ಕಟ್ಟಿ ಕೆಳಗೆ ಬಿಟ್ಟರು. ನಾವು ಹುಡುಗರು ಬಗ್ಗಿ ನೋಡುತ್ತಿದ್ದೆವು. ಕಂದೀಲು ಅರ್ಧಕ್ಕೆ ಇಳಿದಾಗ ಸೊಡರು ಸಣ್ಣಗಾಯಿತು, ಇನ್ನೊಂದು ಮೊಳ ಇಳಿದಾಗ ನೀಲಿಯಾಗಿ, ಯಾರೋ ಊದಿದ ಹಾಗೆ ಹೋಗಿಬಿಟ್ಟಿತು. ಗಾಳಿಯೇ ಇರಲಿಲ್ಲ, ಊದುವವರು ಯಾರು? ಅಪ್ಪ ಹಗ್ಗ ಮೇಲೆಳೆದು, “ಇವತ್ತೂ ಬ್ಯಾಡ” ಎಂದ. ಮೂರನೇ ದಿನ ಸೊಡರು ನಿಂತಿತು. ನಡುವಿಗೆ ಹಗ್ಗ ಕಟ್ಟಿಕೊಂಡು ಒಬ್ಬ ತೆಳ್ಳನೆಯ ಆಳು ಇಳಿದ. ಬುಟ್ಟಿಬುಟ್ಟಿ ಜೋಳ ಮೇಲೆ ಬಂತು. ಗೋಡೆಗೆ ಹತ್ತಿದ ಜೋಳ ಕಪ್ಪಗೆ ಗಂಟುಗಟ್ಟಿತ್ತು, ಅದು ದನಕ್ಕೆ. ನಡುವಿನದು ಸ್ವಲ್ಪ ಹಳದಿಗೆ ತಿರುಗಿತ್ತು, ಅಷ್ಟೆ. ಒಂದು ನುಸಿ ಇಲ್ಲ, ಒಂದು ಹುಳ ಇಲ್ಲ.

ಅದರ ಗುಟ್ಟು ಆಮೇಲೆ ಕಾಲೇಜಿನಲ್ಲಿ ತಿಳಿಯಿತು. ಕಾಳು ಸತ್ತದ್ದಲ್ಲ, ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗಿನ ಆಮ್ಲಜನಕವನ್ನು ಕಾಳೂ ಹುಳವೂ ಕೂಡಿ ಮುಗಿಸುತ್ತವೆ, ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಸೊಡರು ನೋಡದೆ ಅವಸರ ಮಾಡಿ ಇಳಿದ ಮನುಷ್ಯನೂ ಸಾಯುತ್ತಾನೆ. ಹಾಗೆ ಸತ್ತವರ ಕತೆಗಳು ಎಲ್ಲ ಊರಲ್ಲೂ ಇದ್ದವು. ಕಾಪಾಡುವ ಗಾಳಿಯೇ ಕೊಲ್ಲುವ ಗಾಳಿ. ಹಗೇವಿನ ಜೋಳದ ರೊಟ್ಟಿಗೆ ಒಂದು ನಾತ ಇರುತ್ತಿತ್ತು. ನಮಗೆ ಮಕ್ಕಳಿಗೆ ಸೇರುತ್ತಿರಲಿಲ್ಲ. ಆಯಿ ಮಾತ್ರ ಬಿಸಿ ರೊಟ್ಟಿಯನ್ನು ಮೂಗಿನ ಹತ್ತಿರ ಹಿಡಿದು, “ಇದು ರೊಟ್ಟಿ” ಅನ್ನುತ್ತಿದ್ದಳು, ಉಳಿದವೆಲ್ಲ ಬೇರೆ ಏನೋ ಎಂಬಂತೆ. ಆಮೇಲೆ ಗೋಣಿಚೀಲ ಬಂತು, ಗೋದಾಮು ಬಂತು, ಹಗೇವು ಹಾಳು ಬಿತ್ತು. ಅದರ ಬಾಯಿ ಮುಚ್ಚುತ್ತಿದ್ದ ಕಲ್ಲು ಈಗ ನಮ್ಮ ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲಾಗಿದೆ.

ಕಾಳಿಗೆ ಮಣ್ಣಿನ ಮುಚ್ಚಳವಾದರೆ ಅದಕ್ಕೂ ಮೊದಲು ಮಾತಿನ ಮುಚ್ಚಳವೊಂದಿತ್ತು. ಕಣದಲ್ಲಿ ರಾಶಿ ಅಳೆಯುವಾಗ ‘ಒಂದು’ ಅನ್ನುವಂತಿಲ್ಲ, ‘ಲಾಭ’ ಅನ್ನಬೇಕು. ಲಾಭ, ಎರಡು, ಮೂರು. ಮನೆಯಲ್ಲಿ ಉಪ್ಪು, ಅರಿಷಿಣ, ಎಣ್ಣೆ ಮುಗಿದರೆ ಮುಗಿಯಿತು ಅನ್ನುವಂತಿಲ್ಲ, ‘ಹೆಚ್ಚಾಗೇತಿ’ ಅನ್ನಬೇಕು. ದೀಪ ಆರಿಸುವುದಿಲ್ಲ, ಶಾಂತ ಮಾಡುತ್ತೇವೆ. ಯಾರೂ ಹೋಗುವುದಿಲ್ಲ, ಎಲ್ಲರೂ ಬರುತ್ತೇವೆ ಅಂತಲೇ ಹೊರಡುವುದು. ನನ್ನ ಹೆಂಡತಿ ಒಂದು ಸಂತೆಯ ದಿನ, “ಅತ್ತೆ, ಎಣ್ಣೆ ತರಬೇಕಾ?” ಎಂದು ಕೇಳಿದಾಗ ಅವ್ವ, “ಎಣ್ಣಿ ಹೆಚ್ಚಾಗೇತವಾ” ಅಂದಳು. ಹೆಚ್ಚಾಗಿದೆಯಲ್ಲ ಎಂದು ಈಕೆ ನಿಶ್ಚಿಂತೆಯಿಂದ ಬರಿಗೈಯಲ್ಲಿ ಬಂದಳು. ಆ ರಾತ್ರಿ ಬದನೆಕಾಯಿ ಪಲ್ಯ ಕೆಂಡದ ಮೇಲೆ ಸುಟ್ಟ ರೂಪದಲ್ಲಿ ಬಂತು. ಚೆನ್ನಾಗಿಯೇ ಇತ್ತು.

ಮಗಳು ಕಾಲೇಜಿಗೆ ಹೋಗುವಂತಾದ ಮೇಲೆ ಒಮ್ಮೆ ಆಕೆಯನ್ನು ಲಕ್ಕುಂಡಿಗೆ ಕರೆದೊಯ್ದೆ. ಗದಗಿನಿಂದ ಹತ್ತು ಹನ್ನೆರಡು ಕಿಲೋಮೀಟರು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಮಾತಿರುವ ಊರು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಟಂಕಸಾಲೆ ಇದ್ದ ಜಾಗ, ಲೊಕ್ಕಿ ಗದ್ಯಾಣ ಎಂಬ ಹೊನ್ನಿನ ನಾಣ್ಯಕ್ಕೆ ಹೆಸರು ಕೊಟ್ಟ ಊರು. ಗುಡಿಯ ಮುಂದೆ ‘ಸಂರಕ್ಷಿತ ಸ್ಮಾರಕ’ ಎಂಬ ಬೋರ್ಡು, ಅದರ ಕೆಳಗೆ 1958ರ ಕಾಯ್ದೆಯ ಹೆಸರಿನಲ್ಲಿ ದಂಡ, ಸಜೆಯ ಎಚ್ಚರಿಕೆ. ಒಳಗಿನ ಶಾಸನಗಳಲ್ಲೂ ಇದೇ ಮಾತೇ ಇದೆ, ದನಿ ಮಾತ್ರ ಬೇರೆ. ಈ ಧರ್ಮವನ್ನು ಪ್ರತಿಪಾಲಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕಪಿಲೆ ಹಸುಗಳನ್ನು ದಾನ ಮಾಡಿದ ಫಲ, ಕೆಡಿಸಿದವನಿಗೆ ಆ ಹಸುಗಳನ್ನು ಕೊಂದ ಪಾಪ. ಕೊಡುವುದಕ್ಕಿಂತ, ಕೊಟ್ಟದ್ದನ್ನು ಕಾಪಾಡುವುದು ದೊಡ್ಡದು ಎಂದೂ ಆ ಶಾಸನಗಳು ಹೇಳುತ್ತವೆ. ದಂಡದ ಭಯ ಹೆಚ್ಚು ಕೆಲಸ ಮಾಡಿತೋ ಹಸುವಿನ ಪಾಪ ಹೆಚ್ಚು ಕೆಲಸ ಮಾಡಿತೋ, ಗೋಡೆಯ ಮೇಲೆ ಹೃದಯದ ಚಿತ್ರ ಕೊರೆದು ಹೋದ ಪ್ರೇಮಿಗಳನ್ನು ಕೇಳಬೇಕು.

ಅಲ್ಲಿಯ ಬ್ರಹ್ಮಜಿನಾಲಯ 1007ರದು, ಅತ್ತಿಮಬ್ಬೆ ಕಟ್ಟಿಸಿದ್ದು. ಆಕೆಯ ಹೆಸರನ್ನು ನಮ್ಮ ಜಿಲ್ಲೆಯ ಸಾಲೆಯ ಮಕ್ಕಳೂ ಬಲ್ಲರು. ದಾನಚಿಂತಾಮಣಿ. ಪೊನ್ನ ಕವಿಯ ಶಾಂತಿಪುರಾಣವನ್ನು ತಾಳೆಗರಿಯ ಮೇಲೆ 1000 ಪ್ರತಿ ಬರೆಸಿ ಹಂಚಿದವಳು. ಅಚ್ಚಿನ ಯಂತ್ರ ಕಾಣದ ಕಾಲ. ಒಂದೊಂದು ಗರಿಯನ್ನೂ ಹದ ಮಾಡಿ, ಕಂಟದಿಂದ ಕೊರೆದು, ಕಾಡಿಗೆ ತಿಕ್ಕಿ, ದಾರಕ್ಕೆ ಪೋಣಿಸಬೇಕು. ಅಂಥವು ಸಾವಿರ ಕಟ್ಟು. ಮುಂದೆ ಗದಗು ಮುದ್ರಣ ಕಾಶಿ ಅನ್ನಿಸಿಕೊಂಡಿತಲ್ಲ, ಅದರ ನಿಜವಾದ ಮೊದಲ ಪ್ರಕಾಶಕಿ ಈಕೆಯೇ ಎಂದು ನಾನು ವಾದಿಸುತ್ತೇನೆ.

ನನಗೆ ಆಗ ಅನ್ನಿಸಿದ್ದು ಇಷ್ಟು: ಆಕೆ ನಮ್ಮ ಆಯಿಯ ಹಾಗೆ ಆ ಕಾವ್ಯವನ್ನು ‘ಜ್ವಾಕಿ’ ಇಟ್ಟಿದ್ದರೆ? ಕೆಂಪು ಬಟ್ಟೆ ಸುತ್ತಿ, ಹಲಗೆ ಕಟ್ಟಿ, ಪೆಟ್ಟಿಗೆಯಲ್ಲಿ ಹಾಕಿ, ಕೀಲಿ ಜಡಿದು? ಗೆದ್ದಲಿಗೆ ಕೀಲಿಕೈ ಬೇಕಾಗುವುದಿಲ್ಲ. ಅದೇ ಪೊನ್ನನ ‘ಭುವನೈಕ ರಾಮಾಭ್ಯುದಯ’ ಎಂಬ ಇನ್ನೊಂದು ಕಾವ್ಯ ನಮ್ಮ ಕೈಗೆ ಬರಲೇ ಇಲ್ಲ, ಹೆಸರಷ್ಟೇ ಉಳಿದಿದೆ. ಯಾರೋ ಬಹಳ ಜ್ವಾಕಿ ಇಟ್ಟಿರಬೇಕು. ಶಾಂತಿಪುರಾಣ ಉಳಿದದ್ದು ಸಾವಿರ ಮನೆಗಳಲ್ಲಿ ಇದ್ದದ್ದರಿಂದ. ಒಂಬೈನೂರ ತೊಂಬತ್ತೊಂಬತ್ತು ಮನೆಯವರು ಕಳೆದರೂ ಒಬ್ಬ ಮರೆಗುಳಿ ಉಳಿಸಿಯಾನು ಎಂಬ ಲೆಕ್ಕ ಆಕೆಗಿತ್ತೋ ಏನೋ.

ಮಗಳು ನನ್ನ ಈ ಭಾಷಣ ಕೇಳಿ ನಕ್ಕಳು. “ಅಪ್ಪಾ, ಅದಕ್ಕೇ ಬ್ಯಾಕಪ್ ಅನ್ನೋದು.” ಮನೆಗೆ ಬಂದವಳೇ ಸಿಕ್ಕಷ್ಟು ಹಳೇ ಕಾಗದಗಳ ಫೋಟೋ ಹೊಡೆದಳು. ಅವ್ವ ಮಗ್ಗುಲಲ್ಲೇ ಕೂತು ನೋಡುತ್ತಿದ್ದಳು.

“ಇನ್ನ ಹೆದರಿಕಿ ಇಲ್ಲಜ್ಜಿ. ಎಲ್ಲಾ ಕ್ಲೌಡ್‌ನಾಗ ಸೇವ್ ಮಾಡೇನಿ.”

“ಹಂಗಂದ್ರ?”

“ಕ್ಲೌಡ್ ಅಂದ್ರ ಮೋಡ.”

ಅವ್ವ ಎದ್ದು ಕಟ್ಟೆಗೆ ಹೋಗಿ ಮೇಲೆ ನೋಡಿದಳು. ಜುಲೈ ತಿಂಗಳು. ಆಕಾಶ ತೊಳೆದಿಟ್ಟ ತಾಟಿನ ಹಾಗೆ ಬರಿದಾಗಿತ್ತು. “ನಮ್ಮೂರ ಮ್ಯಾಲ ಮೋಡ ನಿಂತದ್ದು ಯಾವಾಗ ನೋಡೀಯವಾ ನೀನು? ಇದ್ದದ್ದೂ ಧಾರವಾಡದ ಕಡೆ ಹೊಕ್ಕೈತಿ. ಉತಾರ ಒಂದು ಇಳಿಸಿ ಇತ್ತಾಗ ಕೊಡು, ಜ್ವಾಕಿ ಇಡ್ತೀನಿ.”

ಆಯಿ ಹೋದ ಮೇಲೆ ಆ ಇಲಾಖೆ ಅವ್ವನಿಗೆ ಬಂದಿದೆ. ಅದರ ಮಹಿಮೆ ನಾನು ಪೂರ್ತಿ ಅರಿತದ್ದು ಹೋದ ವರ್ಷ. ಬ್ಯಾಂಕಿನಿಂದ ಅಂತ ಹೇಳಿಕೊಂಡು ಒಬ್ಬ ಅವ್ವನಿಗೆ ಫೋನು ಮಾಡಿದ. ಅರ್ಧ ಹಿಂದಿ, ಅರ್ಧ ಕನ್ನಡ. ಅಮ್ಮಾ, ನಿಮ್ಮ ಕಾರ್ಡು ಬಂದ್ ಆಗುತ್ತದೆ, ನಂಬರು ಹೇಳಿ ಎಂದ. ಅವ್ವ ಅವನ ಊರು ಕೇಳಿದಳು, ಊಟ ಆಯಿತೇ ಎಂದು ಕೇಳಿದಳು, ಆಮೇಲೆ ಹೇಳಿದಳು:

“ಕಾರ್ಡ ಜ್ವಾಕಿ ಇಟ್ಟೇನಪಾ.”

“ಎಲ್ಲಿ ಅಮ್ಮಾ? ತಗೊಂಡು ನಂಬರ್ ಹೇಳಿ.”

“ಜ್ವಾಕಿ ಇಟ್ಟೇನಿ ಅಂತ ಹೇಳಿದ್ನೆಲ್ಲಾ.”

ಇಪ್ಪತ್ತು ನಿಮಿಷ ಹೀಗೇ ನಡೆಯಿತು. ಜಂತಿ ನೋಡಿದಳು, ಮಾಡ ನೋಡಿದಳು, ಗಡಿಗೆ ಇಳಿಸಿದಳು, ಒಂದೊಂದನ್ನೂ ಅವನಿಗೆ ವರದಿ ಮಾಡಿದಳು. ಐದನೇ ಗಡಿಗೆಯ ಹೊತ್ತಿಗೆ ಅವನೇ ಫೋನು ಇಟ್ಟ. ಅವ್ವನಿಗೆ ಬೇಜಾರಾಯಿತು. “ಪಾಪ, ನನ್ನ ಸಲುವಾಗಿ ಎಷ್ಟೊತ್ತು ಕಾಯ್ದ” ಎಂದಳು. ಕಾರ್ಡು ನಮಗೂ ಇನ್ನೂ ಸಿಕ್ಕಿಲ್ಲ. ಬ್ಯಾಂಕಿಗೆ ಅರ್ಜಿ ಕೊಟ್ಟು ಹೊಸದು ಮಾಡಿಸಿದ್ದೇವೆ, ಅದು ನನ್ನ ಕಿಸೆಯಲ್ಲಿದೆ.

ಉಳಿದದ್ದು ಆಯಿಯ ಟ್ರಂಕು. ಹಸಿರು ಬಣ್ಣದ ಕಬ್ಬಿಣದ ಟ್ರಂಕು, ಮೇಲೆ ಮಾಸಿದ ಗುಲಾಬಿ ಹೂವಿನ ಚಿತ್ರ, ಹಿತ್ತಾಳೆ ಕೀಲಿ. ಕೀಲಿಕೈಯನ್ನು ಆಕೆ ಎಲ್ಲಕ್ಕಿಂತ ಜ್ವಾಕಿ ಇಟ್ಟಿದ್ದಳು. ಕಡೆಯ ದಿನಗಳಲ್ಲಿ ಕೇಳಿದಾಗ ಕಣ್ಣಿನಿಂದಲೇ ಜಂತಿಯ ಕಡೆ ತೋರಿಸಿದಳು, ಅಥವಾ ಹಾಗೆ ನಮಗೆ ಅನ್ನಿಸಿತು. ಮನೆ ಬಿಚ್ಚಿ ಹೊಸದಾಗಿ ಕಟ್ಟುವಾಗ ಒಂದೊಂದು ಜಂತಿಯನ್ನೂ ನೋಡಿದೆವು, ಎರಡು ದಬ್ಬಣ ಮತ್ತು ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಸಿಕ್ಕವು. ಗದಗಿನ ಬಜಾರಿನಲ್ಲಿ ಕೀಲಿಕೈ ಮಾಡುವವರು ಇದ್ದಾರೆ, ಹತ್ತು ನಿಮಿಷದ ಕೆಲಸ. ಅವ್ವ ಬಿಡುವುದಿಲ್ಲ. “ಆಕಿ ಹಾಕಿದ ಕೀಲಿ, ಆಕಿ ಕೀಲಿಕೈಲೇನ ತೆಗೀಬೇಕು” ಅನ್ನುತ್ತಾಳೆ. ಟ್ರಂಕನ್ನು ಓರೆ ಮಾಡಿದರೆ ಒಳಗೆ ಏನೋ ಒಂದು ಸರ್ ಎಂದು ಜಾರಿ, ಮೂಲೆಗೆ ಬಡಿದು ಟಣ್ ಅನ್ನುತ್ತದೆ. ಒಂದೇ ವಸ್ತು. ಕುಂಕುಮ ಭರಣಿ ಎಂದು ಅಕ್ಕ, ಬಂಗಾರದ ಬಿಲ್ವಾರ ಎಂದು ಕಾಕಾ. ಒಳಗಿರುವುದು ಆ ಟ್ರಂಕಿನದೇ ಕೀಲಿಕೈ ಇರಬೇಕು ಎಂದು ನನ್ನ ಹೆಂಡತಿ. ಸದ್ಯ ಅದರ ಮೇಲೆ ಇನ್ವರ್ಟರ್ ಇಟ್ಟಿದ್ದೇವೆ.

ಕೀಲಿಕೈ ಸುಮಾರು ಮೂರು ಬೆರಳುದ್ದ, ತುದಿಗೆ ಎರಡು ಹಲ್ಲು, ತಲೆಯ ತೂತಿನಲ್ಲಿ ಇಳಕಲ್ ಸೀರೆಯ ಕೆಂಪು ಅಂಚಿನ ಚಿಂದಿ. ಹೊಂಬಳದ ಕಡೆಯ ಯಾರ ಮನೆಯ ಗಡಿಗೆಯಲ್ಲಾದರೂ, ಮಾಡದಲ್ಲಾದರೂ ಸಿಕ್ಕರೆ ದಯವಿಟ್ಟು ಒಂದು ಮಾತು ತಿಳಿಸಿ. ನಾವು ಬಂದು ತೆಗೆದುಕೊಂಡು ಹೋಗುವ ತನಕ ಕಟ್ಟೆಯ ಮೇಲೆ, ಕಾಲಕೆಳಗೆ, ಮಕ್ಕಳ ಕೈಗೆ ಎಲ್ಲಿ ಬೇಕಾದರೂ ಬಿದ್ದಿರಲಿ. ಜ್ವಾಕಿ ಮಾತ್ರ ಇಡಬೇಡಿ.